ನಲವತ್ತು ಗೋಲಿ ಸೋಡಾ

ನಮ್ಮ ಊರಿನಲ್ಲಿ ಯಾರ ಓಟಿಪಿಯೂ ಅವರವರ ಫೋನಿಗೆ ಬರುವುದಿಲ್ಲ. ಊರಿನಲ್ಲೇ ಇರುವ ಇನ್ನೊಬ್ಬರ ಫೋನಿಗೆ ಬರುತ್ತದೆ. ಯಾರದು ಯಾರಿಗೆ ಎಂಬುದು ಒಮ್ಮೆ ಗೊತ್ತಾದರೆ ಮುಗಿಯಿತು, ಇಬ್ಬರಲ್ಲೊಬ್ಬರು ಸಾಯುವವರೆಗೆ ಅದು ಬದಲಾಗುವುದಿಲ್ಲ. ಸಿಮ್ ಬದಲಿಸಿ ನೋಡಿದವರಿದ್ದಾರೆ. ಸಿಟ್ಟಿಗೆ ಫೋನನ್ನು ಬಾವಿಗೆ ಎಸೆದು ಹೊಸದು ತಂದವರಿದ್ದಾರೆ. ಒಮ್ಮೆ ಕಂಪನಿಯವರು ಒಬ್ಬ ಇಂಜಿನಿಯರನನ್ನು ಕಳಿಸಿದ್ದರು. ಅವನು ಲಾಡ್ಜಿನಲ್ಲಿ ಇಳಿದು ಲ್ಯಾಪ್‌ಟಾಪ್ ತೆರೆದ, ಅದು ಅಂಕಿ ಕೇಳಿತು, ಅಂಕಿ ಹೂ ಮಾರುವ ಸಿದ್ಧಲಿಂಗಿಯ ಫೋನಿಗೆ ಬಂತು. ಮೂರು ದಿನ ಅವಳ ಬುಟ್ಟಿಯ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಕೆಲಸ ಮಾಡಿದ. ನಾಲ್ಕನೆಯ ದಿನದ ಹೊತ್ತಿಗೆ ಮಲ್ಲಿಗೆ ಕಟ್ಟುವುದನ್ನು ಚೆನ್ನಾಗಿಯೇ ಕಲಿತು ಬಸ್ಸು ಹತ್ತಿದ. ವರದಿಯಲ್ಲಿ ಏನು ಬರೆದನೋ ಗೊತ್ತಿಲ್ಲ, ಆಮೇಲೆ ಯಾರೂ ಬರಲಿಲ್ಲ.

ಬಂದ ಅಂಕಿ ಆ ಫೋನಿನ ಯಜಮಾನರಿಗೆ ಮಾತ್ರ ಕಾಣುತ್ತದೆ. ಬೇರೆಯವರು ಇಣುಕಿದರೆ ಖಾಲಿ ಪರದೆ. ಹಾಗಾಗಿ ಫೋನು ಇಸಿದುಕೊಂಡು ನೋಡಿಕೊಳ್ಳುತ್ತೇನೆ ಎನ್ನುವ ಹಾಗಿಲ್ಲ, ಆ ಮನುಷ್ಯನೇ ಬೇಕು. ಇದಕ್ಕೆ ನಾವು ಒಗ್ಗಿಹೋಗಿದ್ದೇವೆ. ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಊರಿನ ಜನವೆಲ್ಲ ಫೋನು ಹಿಡಿದು ಜಗುಲಿಯ ಮೇಲೆ ಕೂರುತ್ತಾರೆ. ಗ್ಯಾಸ್ ಬುಕ್ ಮಾಡುವವರು, ರೈಲಿನ ಟಿಕೆಟ್ ಮಾಡುವವರು, ಮರೆತ ಪಾಸ್‌ವರ್ಡಿಗೆ ಗೋಳಾಡುವವರು ಎಲ್ಲರೂ ಆ ಒಂದು ಗಂಟೆಯಲ್ಲೇ ಕೆಲಸ ಮುಗಿಸಿಕೊಳ್ಳಬೇಕು. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು, ಹುಡುಗಿಯ ಅಂಕಿ ಯಾರ ಮನೆಗೆ ಹೋಗುತ್ತದೆ ಎಂದು. ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನ ಊಟಕ್ಕೆ ಬಂದವರೆಲ್ಲ ಫೋನನ್ನು ಎಲೆಯ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಸತ್ತವರ ಫೋನಿಗೆ ಇಷ್ಟು ದಿನ ಯಾರ ಅಂಕಿ ಬರುತ್ತಿತ್ತೋ ಅವರು ಗುಂಡಿ ಒತ್ತುತ್ತಾರೆ, ಯಾವ ಎಲೆಯ ಪಕ್ಕ ಸದ್ದಾಯಿತು ಎಂದು ಎಲ್ಲರೂ ಕತ್ತೆತ್ತಿ ನೋಡುತ್ತಾರೆ.

ರೀತಿ ರಿವಾಜುಗಳೂ ಇವೆ. ಅಂಕಿ ಬಂದರೆ ಕೊಡುವುದಿಲ್ಲ ಎನ್ನಬಾರದು. ಯಾಕೆ ಎಂದು ಕೇಳಬಾರದು. ಎರಡು ಸಲ ಹೇಳಬೇಕು. ಹೇಳಿದ ಮೇಲೆ ಮುಖ ಆ ಕಡೆ ತಿರುಗಿಸಬೇಕು. ಇಷ್ಟನ್ನು ಊರಿನ ಅತಿ ದೊಡ್ಡ ಪೋಕರಿಯೂ ಪಾಲಿಸುತ್ತಾನೆ, ಯಾಕೆಂದರೆ ಅವನ ಅಂಕಿಯೂ ಯಾರದೋ ಜೇಬಿನಲ್ಲಿರುತ್ತದೆ.

ನನ್ನ ಹೆಸರು ಪಾಲಾಕ್ಷ. ಮೂರು ದಾರಿ ಕೂಡುವಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಜೆರಾಕ್ಸ್ ಎಂದು ಬೋರ್ಡಿದ್ದರೂ ನಾನು ಮಾಡುವುದು ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬುವ ಕೆಲಸ. ಅಂಗಡಿಯ ಎದುರಿಗೆ ಹಾಲಪ್ಪನ ಗೋಲಿ ಸೋಡಾ ಅಂಗಡಿ. ಅದರಾಚೆ ಎರಡು ಮನೆ ಬಿಟ್ಟು ಚಿಕ್ಕತಾಯಕ್ಕನ ಮನೆ. ಚಿಕ್ಕತಾಯಕ್ಕ ಕೌದಿ ಹೊಲಿಯುವವಳು. ಊರಿನಲ್ಲಿ ಹುಟ್ಟುವ ಪ್ರತಿ ಮಗುವಿನ ಬೆನ್ನಿಗೆ ಮೊದಲು ತಾಗುವುದು ಅವಳ ಹೊಲಿಗೆಯೇ. ನನ್ನ ಅಂಕಿ ಬರುವುದು ಚಿಕ್ಕತಾಯಕ್ಕನ ಫೋನಿಗೆ. ಚಿಕ್ಕತಾಯಕ್ಕನ ಅಂಕಿ ಬರುವುದು ಹಾಲಪ್ಪನ ಫೋನಿಗೆ. ಅವರಿಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಆಗಿದ್ದು ಇಷ್ಟು. ಚಿಕ್ಕತಾಯಕ್ಕನಿಗೆ ಒಬ್ಬಳೇ ಮಗಳು, ಮಂಗಳ. ಗಂಡ ಇಲ್ಲದ ಸಂಸಾರ. ಮಗಳಿಗೆ ನರ್ಸಿಂಗ್ ಓದುವ ಆಸೆ. ಊರಿನ ನಾಯಿಗೆ ಕಾಲು ಮುರಿದರೂ ಬಿದಿರಿನ ದಬ್ಬೆ ಕಟ್ಟಿ ಸರಿಮಾಡುತ್ತಿದ್ದ ಹುಡುಗಿ ಅದು. ಅರ್ಜಿಯ ಕಡೆಯ ದಿನ ನನ್ನ ಕಂಪ್ಯೂಟರಿನಲ್ಲಿ ಸೈಟು ತೆರೆಯಲೇ ಇಲ್ಲ. ಬೆಳಗಿನಿಂದ ಚಕ್ರ ಸುತ್ತುತ್ತಲೇ ಇತ್ತು. ಅಂತೂ ತೆರೆದಾಗ ಮುಗಿಯಲು ಮೂರೇ ನಿಮಿಷ ಉಳಿದಿತ್ತು. ಅರ್ಜಿಯಲ್ಲಿ ಕೊಟ್ಟಿದ್ದ ತಾಯಿಯ ನಂಬರಿಗೆ ಅಂಕಿ ಹೋಯಿತು. ಹಾಲಪ್ಪ ತನ್ನ ಅಂಗಡಿಯಿಂದಲೇ ಕೂಗಿ ಎರಡು ಸಲ ಹೇಳಿದ, ಮುಖ ತಿರುಗಿಸಿದ. ನಾನು ಒತ್ತಿದೆ. ಅಂಕಿ ತಪ್ಪಾಗಿದೆ ಎಂದು ಕೆಂಪಕ್ಷರದಲ್ಲಿ ಬಂತು. ಇನ್ನೊಮ್ಮೆ ಪ್ರಯತ್ನಿಸುವಷ್ಟರಲ್ಲಿ ಅರ್ಜಿಯ ಬಾಗಿಲು ಮುಚ್ಚಿತ್ತು.

ಚಿಕ್ಕತಾಯಕ್ಕ ಸೀದಾ ಸೋಡಾ ಅಂಗಡಿಗೆ ಹೋಗಿ ನಡುಬೀದಿಯಲ್ಲಿ ನಿಂತು, "ನನ್ನ ಮಗಳ ಬಾಳು ಹಾಳು ಮಾಡ್ದೆಯಲ್ಲೋ! ಇನ್ಮೇಲೆ ನೀನು ಹೇಳಿದ್ದು, ನೀನು ಬರೆದಿದ್ದು ಒಂದಂಕಿನೂ ನನಗೆ ಬೇಡ. ನನ್ನ ಕಣ್ಣು ಹೋದ್ರೂ ಬೇಡ!" ಎಂದಳು. ಕಣ್ಣಿನ ಮೇಲೆ ಆಣೆ ಇಡಬಾರದಿತ್ತು. ಆದರೆ ಸಿಟ್ಟಿನಲ್ಲಿ ಇದ್ದವರಿಗೆ ಹೇಳುವವರು ಯಾರು? ಹಾಲಪ್ಪನದು ಮಾತು ಕಡಿಮೆ. "ನಾನು ಕಂಡಿದ್ದನ್ನೇ ಹೇಳಿದ್ದು ಅಕ್ಕ," ಎಂದ. ಅವಳು ಮತ್ತೂ ಕೂಗಾಡಿದಾಗ ಅವನಿಗೂ ರೇಗಿ, "ಇನ್ನು ನಾನಾಗಿ ನಿಮಗೆ ಬಾಯಿ ಬಿಟ್ಟು ಹೇಳಿದ್ರೆ ಕೇಳಿ," ಎಂದು ಒಳಗೆ ಹೋದ. ಊರಿನಲ್ಲಿ ಆಣೆಯನ್ನು ಯಾರೂ ಹಗುರಾಗಿ ಕಾಣುವುದಿಲ್ಲ. ಮಂಗಳಳಿಗೆ ಆ ವರ್ಷವೇ ಮದುವೆಯಾಯಿತು. ಒಳ್ಳೆಯ ಮನೆಯೇ. ತವರಿಗೆ ಬಂದಾಗ ಬೀದಿಯ ಮಕ್ಕಳೆಲ್ಲ ತರಚಿದ ಮಂಡಿ ತೋರಿಸಿಕೊಂಡು ಅವಳ ಮುಂದೆ ಸಾಲಾಗಿ ನಿಲ್ಲುತ್ತಾರೆ.

ಇನ್ನು ನನ್ನ ಪಾಲಿನದ್ದು. ಆ ದಿನ ಅಂಕಿ ಕೇಳಿದ ಮೇಲೂ ಚಕ್ರ ಸುತ್ತುತ್ತಿದ್ದಾಗ ನನ್ನ ಕೈ ಸುಮ್ಮನಿರಲಿಲ್ಲ. 'ಮತ್ತೆ ಕಳುಹಿಸಿ' ಎಂಬ ಗುಂಡಿಯನ್ನು ಒತ್ತಿಬಿಟ್ಟಿದ್ದೆ. ಎರಡನೆಯ ಅಂಕಿ ಹೊರಟ ಕ್ಷಣವೇ ಮೊದಲನೆಯದು ಸತ್ತ ಹಾಗೆ. ಹಾಲಪ್ಪ ಮೊದಲನೆಯದನ್ನು ಸರಿಯಾಗಿಯೇ ಹೇಳಿದ್ದ. ಎರಡನೆಯದು ಅವನ ಫೋನಿಗೆ ಬಂದಾಗ ಅವನು ರಿವಾಜಿನಂತೆ ಮುಖ ತಿರುಗಿಸಿ ನಿಂತಿದ್ದ. ಇದು ನನಗೆ ಆ ಸಂಜೆಯೇ ಹೊಳೆಯಿತು. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆಮೇಲೆ ಮದುವೆಯ ಓಡಾಟ ಬಂತು. ಆಮೇಲೆ ಇಷ್ಟು ತಡವಾಗಿ ಹೇಳಿದರೆ ಏನಂದುಕೊಳ್ಳುತ್ತಾರೋ ಎಂದು ಬಂತು. ನಾನು ಕೆಟ್ಟವನೇನಲ್ಲ. ಆದರೆ ಹೇಳದೆ ಇರುವುದು ಎಷ್ಟು ಸುಲಭ ಎಂದರೆ, ಅದಕ್ಕೆ ಏನೂ ಮಾಡಬೇಕಾಗಿಲ್ಲ.

ಚಿಕ್ಕತಾಯಕ್ಕ ಅಂಕಿಯೇ ಇಲ್ಲದೆ ಒಂಬತ್ತು ವರ್ಷ ಬದುಕಿದಳು. ಗ್ಯಾಸಿನ ಬದಲು ಸೌದೆ ಒಲೆ ಹೂಡಿದಳು. ರೇಷನ್ನಿಗೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಸೂಜಿ ಚುಚ್ಚಿ ಚುಚ್ಚಿ ಹೆಬ್ಬೆಟ್ಟಿನ ಗೆರೆ ಸವೆದುಹೋಗಿ ಮೆಷಿನ್ನು ಅವಳನ್ನು ಒಪ್ಪದೆ ಹೋದಾಗ, ಎಡಗೈಯ ಕಿರುಬೆರಳನ್ನು ಕೊಟ್ಟು ನೋಡಿದಳು. ಅದನ್ನು ಒಪ್ಪಿತು. ನನ್ನ ಅಂಕಿ ಬಂದಾಗ ಮಾತ್ರ ಕೈಕೆಲಸ ಬಿಟ್ಟು ಅಂಗಡಿಯವರೆಗೂ ನಡೆದುಬಂದು, ಎರಡು ಸಲ ಹೇಳಿ, ಮುಖ ತಿರುಗಿಸಿ ಹೋಗುತ್ತಿದ್ದಳು. ಪ್ರತಿ ಸಲವೂ ನನಗೆ ಇರಿಸುಮುರಿಸಾಗುತ್ತಿತ್ತು. ಆಗುತ್ತಿತ್ತು ಅಷ್ಟೆ.

ಈ ವರ್ಷ ಅವಳ ಕಣ್ಣು ಮಂಜಾಯಿತು. ಎಡಗಣ್ಣಿನಲ್ಲಿ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಬಲಗಣ್ಣಿನೊಳಗೆ ಒತ್ತಡ ಏರಿದೆ, ಈ ಸಲದ ಕಣ್ಣಿನ ಬಸ್ಸಿನಲ್ಲಿ ಆಪರೇಷನ್ ಆಗದಿದ್ದರೆ ಅದೂ ಹೋಗುತ್ತದೆ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಆಸ್ಪತ್ರೆಯವರ ಈ ಕಣ್ಣಿನ ಬಸ್ಸು ನಮ್ಮ ಕಡೆ ಬರುವುದು ವರ್ಷಕ್ಕೊಮ್ಮೆ. ನಲವತ್ತೇ ಜನಕ್ಕೆ ಜಾಗ. ಹೆಸರು ಹಚ್ಚುವುದು ಆ್ಯಪಿನಲ್ಲಿ ಮಾತ್ರ, ಸೋಮವಾರ ಒಂಬತ್ತು ಗಂಟೆಗೆ. ಅವರವರ ಕಾರ್ಡಿಗೆ ಜೋಡಿಸಿದ ನಂಬರಿಗೇ ಅಂಕಿ ಬರುತ್ತದೆ, ಬೇರೆಯವರ ನಂಬರು ನಡೆಯುವುದಿಲ್ಲ. ಮೂರು ನಿಮಿಷದಲ್ಲಿ ಅಂಕಿ ಕೊಡದಿದ್ದರೆ ಜಾಗ ಮುಂದಿನವರಿಗೆ.

ಚೀಟಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದವಳು ಬೆಂಚನ್ನು ಕೈಯಿಂದ ತಡವಿ ಕೂತಳು. "ಪಾಲಾಕ್ಷ, ಏನಾದ್ರೂ ದಾರಿ ಇದ್ಯೇನೋ? ಆ ಹಾಲಪ್ಪನ ಹಂಗಿಲ್ಲದೆ ಆಗೋ ಅಂಥದ್ದು?"

"ಇಲ್ಲ ಅಕ್ಕ. ಅವನ್ನ ಒಂದು ಮಾತು ಕೇಳಿದ್ರೆ ಏನಾಯ್ತು? ಒಂಬತ್ತು ವರ್ಷ ಆಯ್ತಲ್ಲ."

"ಕಣ್ಣಿನ ಮೇಲೆ ಆಣೆ ಇಟ್ಟೀನಿ ಕಣೋ. ಆಣೆ ಮುರಿದು ಕಣ್ಣು ಉಳಿಸ್ಕೊಳ್ಳಕ್ಕಾಗುತ್ತಾ? ಕಣ್ಣಿಲ್ದಿದ್ರೆ ಸೂಜಿ ಇಲ್ಲ. ಸೂಜಿ ಇಲ್ದಿದ್ರೆ ನಾನ್ ಯಾತಕ್ಕೆ?"

ಇದನ್ನು ಅವಳು ಅಳುತ್ತಾ ಹೇಳಲಿಲ್ಲ. ಬಟ್ಟೆಯ ಅಳತೆ ಹೇಳುವ ಹಾಗೆ ಹೇಳಿದಳು. ಆಗಲೇ ನಿಜ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆಣೆಗೆ ಕಾರಣವೇ ಸುಳ್ಳು ಎಂದಾದರೆ ಆಣೆ ಎಲ್ಲಿ ಉಳಿಯುತ್ತದೆ? ನನಗೆ ಆ ಯೋಚನೆ ಬರಲಿಲ್ಲವೆಂದಲ್ಲ. ಬಂತು, ನಾಲಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ಎದುರಿಗೆ ಹಾಲಪ್ಪ ಯಾರಿಗೋ ಸೋಡಾ ಒಡೆದ. ಟಪ್ ಎಂದಿತು. ನನ್ನ ತಲೆಯೊಳಗೆ ಜಾಣತನ ಕೆಲಸಮಾಡಿತು.

"ಅಕ್ಕ, ನೀವು ಬೇಡ ಅಂದಿದ್ದು ಅವ್ನು ಹೇಳಿದ ಅಂಕಿ, ಬರೆದ ಅಂಕಿ. ಹೌದಾ?"

"ಹೌದು."

"ಸೋಡಾ ಒಡೆದ್ರೆ ಅದು ಹೇಳಿದ್ದೂ ಅಲ್ಲ, ಬರೆದಿದ್ದೂ ಅಲ್ಲ."

ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ತುಂಟತನ ಸುಳಿಯಿತು. "ಸೊನ್ನೆ ಬಂದ್ರೆ?"

"ಕ್ರೇಟಿನ ಮೇಲೆ ಒಂದು ಏಟು."

ಹಾಲಪ್ಪನಿಗೆ ಹೇಳಿದಾಗ ಅವನು ಬೆರಳು ಮಡಚಿ ಲೆಕ್ಕ ಹಾಕಿದ. ನಾಲ್ಕಂಕಿ, ಎಲ್ಲವೂ ಒಂಬತ್ತೇ ಬಂದರೂ ಮೂವತ್ತಾರು. "ನಲವತ್ತು ತುಂಬಿಸಿಡ್ತೀನಿ ಬಿಡಣ್ಣ. ಒಂದೋ ಎರಡೋ ಗೋಲಿ ಸಿಕ್ಕಾಕ್ಕೊಂಡ್ರೂ ಸಾಲುತ್ತೆ," ಎಂದ. ಆಮೇಲೆ, "ಅಕ್ಕನ ಕಣ್ಣು ಅಷ್ಟು ಹೋಗೈತಾ?" ಎಂದು ಕೇಳಿದ. ಯಾಕೆ ಎಂದು ಕೇಳಬಾರದ ರಿವಾಜನ್ನು ಅವನು ಮುರಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸೋಮವಾರ ಬೆಳಿಗ್ಗೆ ಬೀದಿಯಲ್ಲಿ ಒಂದು ಬೈಕೂ ಓಡಲಿಲ್ಲ. ಗೊತ್ತಾಗಿತ್ತು ಎಲ್ಲರಿಗೂ. ಜಗುಲಿಯ ಮೇಲಿದ್ದವರು ತಮ್ಮ ತಮ್ಮ ಕೆಲಸ ಮುಂದೂಡಿ, ಫೋನಿನ ಸದ್ದು ಅಡಗಿಸಿ ಕೂತಿದ್ದರು. ಸಿದ್ಧಲಿಂಗಿ ಹೂವಿನ ಕೂಗು ನಿಲ್ಲಿಸಿದ್ದಳು. ಹಾಲಪ್ಪ ಎರಡು ಕ್ರೇಟುಗಳಲ್ಲಿ ನಲವತ್ತು ಬಾಟಲಿ ಜೋಡಿಸಿ, ಮರದ ಓಪನರ್ ಹಿಡಿದು, ಎದುರಿಗೆ ಫೋನು ಒರಗಿಸಿಟ್ಟುಕೊಂಡು ನಿಂತಿದ್ದ. ಚಿಕ್ಕತಾಯಕ್ಕ ನನ್ನ ಬೆಂಚಿನ ಮೇಲೆ ಒಗೆದ ಸೀರೆಯುಟ್ಟು ಕೂತಿದ್ದಳು.

ಒಂಬತ್ತಕ್ಕೆ ಸರಿಯಾಗಿ ಆ್ಯಪು ತೆರೆಯಿತು. ಹೆಸರು, ವಯಸ್ಸು, ಕಾರ್ಡು, ನಂಬರು. ಒತ್ತಿದೆ. ಚಕ್ರ ಸುತ್ತತೊಡಗಿತು. ಎದುರಿನಿಂದ ಸದ್ದಿಲ್ಲ. ಹತ್ತು ಸೆಕೆಂಡು, ಇಪ್ಪತ್ತು. ಜಾಗಗಳು ಕಡಿಮೆಯಾಗುತ್ತಿದ್ದದ್ದು ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು, ಇಪ್ಪತ್ತೊಂದು, ಹದಿನೇಳು. ಆಗ ಎದುರಿನಿಂದ ಮೊದಲ ಬಾಟಲಿ ಟಪ್ ಎಂದಿತು. ಏಳು ಸಲ. ತಡೆದು ಎರಡು ಸಲ. ಕ್ರೇಟಿನ ಮೇಲೆ ಒಂದು ಏಟು. ಮತ್ತೆ ಐದು. ಚಿಕ್ಕತಾಯಕ್ಕ ಬೆರಳಿನಲ್ಲಿ ಎಣಿಸುತ್ತಾ, "ಏಳು, ಎರಡು, ಸೊನ್ನೆ, ಐದು," ಎಂದಳು. ನಾನು ಅಷ್ಟನ್ನೇ ಹಾಕಿದೆ.

ಅಂಕಿ ತಪ್ಪಾಗಿದೆ ಎಂದು ಕೆಂಪಕ್ಷರದಲ್ಲಿ ಬಂತು.

ನಾನು ಓದಿ ಹೇಳಿದ್ದೇ ತಡ, ಅವಳು ಕೈಚೀಲ ತಡಕಿ ಎದ್ದು ನಿಂತಳು. "ಮತ್ತೆ ಅದೇ ಮಾಡ್ದ ನೋಡು. ಸೋಡಾದಲ್ಲೂ ಸುಳ್ಳು," ಎಂದಳು. ದನಿ ಏರಲಿಲ್ಲ. ಒಂಬತ್ತು ವರ್ಷದ ಹಿಂದೆ ಅಷ್ಟು ಕೂಗಾಡಿದವಳು ಇಂದು ಸುಮ್ಮನೆ ಮನೆಗೆ ಹೊರಟಿದ್ದಳು.

ನಾನು ನನ್ನ ಬಲಗೈಯನ್ನು ನೋಡಿದೆ. ತೋರುಬೆರಳು ಇನ್ನೂ ಮೌಸಿನ ಮೇಲಿತ್ತು, ಬಾಣದ ಗುರುತು 'ಮತ್ತೆ ಕಳುಹಿಸಿ' ಗುಂಡಿಯ ಮೇಲಿತ್ತು. ಆ ಇಪ್ಪತ್ತು ಸೆಕೆಂಡಿನಲ್ಲಿ ಯಾವಾಗಲೋ ಒತ್ತಿದ್ದೆ. ಒತ್ತಿದ್ದು ನನಗೇ ತಿಳಿದಿರಲಿಲ್ಲ.

"ಅವ್ನು ಸರಿಯಾಗೇ ಒಡೆದ ಅಕ್ಕ," ಎಂದೆ. "ನಾನು ಎರಡು ಸಲ ಒತ್ತಿಬಿಟ್ಟೆ. ಎರಡನೇದು ಬಂದ್ರೆ ಮೊದಲನೇದು ನಡೆಯಲ್ಲ."

"ಈಗಲಾ?"

ಹೌದು, ಈಗ ಎಂದರೆ ಸಾಕಿತ್ತು. ಅವಳು ಮತ್ತೆ ಕೂರುತ್ತಿದ್ದಳು, ಹಾಲಪ್ಪ ಮತ್ತೆ ಒಡೆಯುತ್ತಿದ್ದ, ನನ್ನ ಒಂಬತ್ತು ವರ್ಷ ಹಾಗೆಯೇ ಭದ್ರವಾಗಿರುತ್ತಿತ್ತು. ಆದರೆ ಅವಳು ನನ್ನ ಕಡೆ ತಿರುಗಿ ನಿಂತಿದ್ದಳು, ನನ್ನ ಮುಖ ಎಲ್ಲಿದೆ ಎಂದು ತಿಳಿಯದೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಬೇರೆ ಯಾವ ದೊಡ್ಡ ಕಾರಣವೂ ಇಲ್ಲ, ನಾಚಿಕೆಯಾಯಿತು.

"ಈಗಲೂ. ಆವತ್ತೂ. ಮಂಗಳನ ಅರ್ಜಿ ಹಾಕಿದ ದಿನಾನೂ ನಾನೇ ಎರಡು ಸಲ ಒತ್ತಿದ್ದೆ. ಹಾಲಪ್ಪ ಆವತ್ತೂ ಸರಿಯಾಗೇ ಹೇಳಿದ್ದ."

ಅವಳು ಏನು ಹೇಳುತ್ತಿದ್ದಳೋ, ಅಷ್ಟರಲ್ಲಿ ಎದುರಿನಿಂದ ಮತ್ತೆ ಸದ್ದು ಶುರುವಾಯಿತು. ಹಾಲಪ್ಪ ಈ ಸಲ ಮುಖ ತಿರುಗಿಸಿರಲಿಲ್ಲ. ಹೊಸ ಅಂಕಿ ಬಂದದ್ದನ್ನು ನೋಡಿದ್ದ. ಒಂದೇ ಸಮನೆ ಒಂಬತ್ತು ಬಾಟಲಿ. ತಡೆದು ಎಂಟು. ಮತ್ತೆ ಒಂಬತ್ತು. ಸೋಡಾ ಉಕ್ಕಿ ಅವನ ಅಂಗಿ, ನೆಲ, ಕಲ್ಲುಮೆಟ್ಟಿಲು ಎಲ್ಲ ಒದ್ದೆಯಾಗಿತ್ತು. ಆಮೇಲೆ ಸದ್ದು ನಿಂತಿತು. ನಾವು ಕಾದೆವು. ಮೊದಲ ಸಲ ಹದಿನಾಲ್ಕು, ಈಗ ಇಪ್ಪತ್ತಾರು. ನಲವತ್ತೂ ಮುಗಿದಿತ್ತು. ಹಾಲಪ್ಪ ಖಾಲಿ ಕ್ರೇಟುಗಳ ನಡುವೆ ಓಪನರ್ ಹಿಡಿದುಕೊಂಡು, ಬಾಯಿ ತೆರೆಯುವಂತಿಲ್ಲದೆ, ಸಣ್ಣ ಮಗುವಿನ ಹಾಗೆ ಕಣ್ಣು ತುಂಬಿಕೊಂಡು ನಿಂತಿದ್ದ. ಪರದೆಯ ಮೂಲೆಯಲ್ಲಿ ಉಳಿದ ಜಾಗ ಐದಾಗಿತ್ತು.

ಚಿಕ್ಕತಾಯಕ್ಕ ನನ್ನ ಕಡೆ ತಿರುಗಲಿಲ್ಲ. ಗೋಡೆ ಹಿಡಿದು ಹೊಸ್ತಿಲವರೆಗೆ ನಡೆದಳು, ಮೆಟ್ಟಿಲನ್ನು ಕಾಲಿನಿಂದ ಹುಡುಕಿ ಒಂದು ಮೆಟ್ಟಿಲು ಇಳಿದಳು. ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಹಾಲಪ್ಪಾ, ಕೊನೇದು ಎಷ್ಟಪ್ಪಾ?"

"ಆರು ಅಕ್ಕಾ," ಎಂದ ಹಾಲಪ್ಪ. ರಿವಾಜಿನಂತೆ ಇನ್ನೊಮ್ಮೆ ಹೇಳಿದ. "ಆರು."

ಒಂಬತ್ತು, ಎಂಟು, ಒಂಬತ್ತು, ಆರು. ಹಸಿರು ಅಕ್ಷರ ಬಂತು. ಅವಳ ಸಂಖ್ಯೆ ಮೂವತ್ತೇಳು.

"ಆಯ್ತಾ?" ಎಂದು ಬೀದಿಯವರು ಕೇಳಿದರು. "ಆಯ್ತು," ಎಂದು ನಾನು ಕೂಗಿದೆ. ಒಡೆದ ಸೋಡಾ ಚೆಲ್ಲುವುದು ಬೇಡವೆಂದು ಜನ ಬಂದು ತಲೆಗೊಂದು ಬಾಟಲಿ ಎತ್ತಿಕೊಂಡರು. ಗ್ಯಾಸು ಹೋಗಿ ಸಪ್ಪೆಯಾಗಿತ್ತು ಎಂದು ಆಮೇಲೆ ಕೆಲವರು ಹೇಳಿದರು, ಕುಡಿಯುವಾಗ ಯಾರೂ ಹೇಳಲಿಲ್ಲ. ಚಿಕ್ಕತಾಯಕ್ಕ ಬೀದಿ ದಾಟಿ ಹಾಲಪ್ಪನ ಬೆಂಚಿನ ಮೇಲೆ ಕೂತಳು. ಅವನು ಅವಳಿಗೆಂದು ಒಳಗಿನಿಂದ ಹೊಸದಾಗಿ ನಿಂಬೆಹಣ್ಣು ಹಿಂಡಿ ತಂದುಕೊಟ್ಟ. ಅವರು ಏನು ಮಾತಾಡಿದರೋ ನನಗೆ ಕೇಳಲಿಲ್ಲ. ನನ್ನನ್ನು ಯಾರೂ ಕರೆಯಲಿಲ್ಲ. ನಾನು ಕಂಪ್ಯೂಟರಿನ ಮುಂದೆ ಕೂತು, ಇಲ್ಲದ ಕೆಲಸವನ್ನು ಹುಡುಕಿ ಮಾಡಿದೆ.

ಆಪರೇಷನ್ ಚೆನ್ನಾಗಿ ಆಯಿತು. ಬಲಗಣ್ಣು ಉಳಿಯಿತು. ತಾಯಿಯನ್ನು ನೋಡಿಕೊಳ್ಳಲು ಮಂಗಳ ಬಂದು ಹದಿನೈದು ದಿನ ಇದ್ದಳು. ಕಣ್ಣಿಗೆ ಹನಿ ಹಾಕುವುದು, ಹತ್ತಿ ಬದಲಿಸುವುದು, ಪಟ್ಟಿ ಕಟ್ಟುವುದು ಎಲ್ಲ ಅವಳದೇ. ತಪಾಸಣೆಗೆ ಹೋದಾಗ ಪಟ್ಟಿ ಬಿಚ್ಚಿದ ಡಾಕ್ಟರು, "ಇದನ್ನ ಕಟ್ಟಿದ್ದು ಯಾರು? ನೀವು ನರ್ಸಾ?" ಎಂದು ಕೇಳಿದರಂತೆ. "ಅಲ್ಲ ಸರ್," ಎಂದಳಂತೆ ಮಂಗಳ. ಅಷ್ಟೇ ಹೇಳಿದಳಂತೆ. ಇದನ್ನು ನನಗೆ ಹೇಳಿದವನು ಹಾಲಪ್ಪ. ಹೇಳಿದ ಮೇಲೆ ಮುಖವನ್ನು ಆ ಕಡೆ ತಿರುಗಿಸಿದ.

ಮಂಗಳ ಊರಿಗೆ ಹೊರಡುವ ದಿನ ನನ್ನ ಅಂಗಡಿಯ ಮುಂದೆ ನಿಂತಳು. ಏನಾದರೂ ಬೈಯುತ್ತಾಳೆ ಎಂದು ನಾನೂ ಎದ್ದು ನಿಂತೆ. "ಬರ್ತೀನಿ ಮಾಮ," ಎಂದಳು, ಎಲ್ಲ ಸಲ ಹೇಳುವ ಹಾಗೆಯೇ. ಬೈದಿದ್ದರೆ ಚೆನ್ನಾಗಿತ್ತು.

ಚಿಕ್ಕತಾಯಕ್ಕ ಈಗ ಹಾಲಪ್ಪನ ಮೊಮ್ಮಗುವಿಗೆ ಕೌದಿ ಹೊಲಿಯುತ್ತಿದ್ದಾಳೆ. ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಆಣೆ ಗೀಣೆ ಇಲ್ಲ, ಸುಮ್ಮನೆ ಬಿಟ್ಟಿದ್ದಾಳೆ. ಆದರೆ ನನ್ನ ಅಂಕಿ ಬರುವುದು ಇನ್ನೂ ಅವಳ ಫೋನಿಗೇ, ಬಂದ ಅಂಕಿಯನ್ನು ಕೊಡುವುದಿಲ್ಲ ಎನ್ನುವ ಹಾಗಿಲ್ಲ. ಅಂಗಡಿಯವರೆಗೆ ಬರುವುದನ್ನು ಮಾತ್ರ ನಿಲ್ಲಿಸಿದ್ದಾಳೆ. ಮನೆಯ ಹೊಸ್ತಿಲಲ್ಲಿ ಕೂತು ಪಾತ್ರೆಯ ಮುಚ್ಚಳದ ಮೇಲೆ ಸೌಟಿನಿಂದ ಬಡಿಯುತ್ತಾಳೆ. ಒಂದೊಂದು ಅಂಕಿಗೂ ಬಿಡಿಸಿ ಬಿಡಿಸಿ, ಸೊನ್ನೆ ಬಂದರೆ ಹೊಸ್ತಿಲಿಗೆ ಒಂದು ಏಟು. ಎರಡು ಸಲ ಬಡಿಯುತ್ತಾಳೆ. ಒಮ್ಮೆಯೂ ತಪ್ಪು ಬಡಿದಿಲ್ಲ.

ನಾನು ಗುಂಡಿಯನ್ನು ಒಂದೇ ಸಲ ಒತ್ತುತ್ತೇನೆ. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಚಕ್ರ ಎಷ್ಟು ಹೊತ್ತು ಸುತ್ತಿದರೂ ಸುತ್ತಲಿ ಎಂದು, ಅವಳ ಹೊಸ್ತಿಲಿನ ಕಡೆಗೆ ಕಿವಿಗೊಟ್ಟು ಕೂರುತ್ತೇನೆ.